ಗೊತ್ತಾದದ್ದು ಹೇಗೆ? ಮಂಗನ ಕಾಯಿಲೆಯ ಸೀಮೆಯಲ್ಲಿ ಸ್ವತಂತ್ರ ವಿಚಾರ



ಈ ದತ್ತಿ ಉಪನ್ಯಾಸದ ಕರಾರು ಚಿಕ್ಕದು. ಉಪನ್ಯಾಸ ವಿಜ್ಞಾನದ ಬಗ್ಗೆ ಇರಬೇಕು. ಕೇಳಲು ಬಂದವರು ವಿಜ್ಞಾನ ಓದಿರಬೇಕೆಂದಿಲ್ಲ. ಸಂಘಟಕರು ಕೊಟ್ಟ ವಿಷಯ ‘ವಿಜ್ಞಾನ, ತಂತ್ರಜ್ಞಾನ ಮತ್ತು ಸ್ವತಂತ್ರ ವಿಚಾರ’. ಇಂಥ ವಿಷಯ ಸಿಕ್ಕಿದರೆ ಗೆಲಿಲಿಯೊನಿಂದ ಶುರುಮಾಡಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ ಎನ್ನುವ ಸಂವಿಧಾನದ 51ಎ ವಿಧಿಗೆ ಬಂದು, ಕುಪ್ಪಳಿಯ ಕಡೆಗೊಂದು ಕೈಮುಗಿದು ಮುಗಿಸುವುದು ರೂಢಿ. ಮೂರೂ ಒಳ್ಳೆಯವೇ. ಆದರೆ ಅದನ್ನು ಕೇಳಿ ಮನೆಗೆ ಹೋದವರು, ಮಾರನೇ ದಿನ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ‘ಕಾಡಿಗೆ ಹೋಗುವ ಮೊದಲು ಉಣುಗು ಕಚ್ಚದಂತೆ ಈ ಎಣ್ಣೆ ಹಚ್ಚಿಕೊಳ್ಳಿ’ ಎಂದು ಬಾಟಲಿ ಕೊಟ್ಟಾಗ, ಹಚ್ಚಿಕೊಳ್ಳಬೇಕೋ ಮಾಡಿನ ಸಂದಿಯಲ್ಲಿ ಇಡಬೇಕೋ ಎಂದು ಹೇಗೆ ತೀರ್ಮಾನಿಸುತ್ತಾರೆ? ನನ್ನ ಕುತೂಹಲ ಇರುವುದು ಅಲ್ಲಿ. ಹಾಗಾಗಿ ಇವತ್ತು ಹೆಚ್ಚಿನ ಹೊತ್ತು ಮಂಗನ ಕಾಯಿಲೆಯ ಬಗ್ಗೆಯೇ ಮಾತನಾಡುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ನಮ್ಮ ಈ ಮೂರೂ ತಾಲ್ಲೂಕುಗಳಲ್ಲಿ ಈ ಕಾಯಿಲೆಯ ಹೆಸರು ಕೇಳದ ಮನೆ ಇಲ್ಲ. ವಿಜ್ಞಾನ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಅದನ್ನು ನಾವು ಎಲ್ಲಿ ಹಿಡಿದು ನಿಲ್ಲಿಸಿ ಕೇಳಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನನಗೆ ಗೊತ್ತಿಲ್ಲ.

1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗ, ಮುಸುವಗಳು ಸಾಯುತ್ತಿವೆ, ಊರವರಿಗೂ ವಿಪರೀತ ಜ್ವರ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಆ ಕೇಂದ್ರವನ್ನು 1952ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ್ದವು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಮಂಗ ಸತ್ತಿದೆ, ಮನುಷ್ಯನಿಗೆ ಜ್ವರ ಬಂದಿದೆ ಎಂದ ಕೂಡಲೇ ಅಲ್ಲಿನವರ ತಲೆಗೆ ಬಂದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವ ಮೊದಲು ಮಂಗಗಳು ಸಾಯುತ್ತವೆ. ಏಷ್ಯಾಕ್ಕೆ ಆ ಕಾಯಿಲೆ ಯಾವತ್ತೂ ಬಂದಿರಲಿಲ್ಲ, ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮಲ್ಲಿ ಬೇಕಾದಷ್ಟಿತ್ತು. ಹೆದರಿಕೆಗೆ ಕಾರಣವಿತ್ತು. ನಿರ್ದೇಶಕ ಟೆಲ್‌ಫರ್ಡ್ ವರ್ಕ್ ತಂಡ ಕಟ್ಟಿಕೊಂಡು ಬಂದರು. ಸತ್ತ ಮಂಗದಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಬರುವ ಮಿದುಳುಜ್ವರದ ವೈರಸ್ ಬಳಗಕ್ಕೆ ಸೇರಿದ ಹೊಸ ವೈರಸ್. ಆ ಬಳಗದವು ಸೊಳ್ಳೆಯಿಂದ ಹರಡುವುದಿಲ್ಲ, ಉಣುಗಿನಿಂದ ಹರಡುತ್ತವೆ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ತಂಡ ಒಂದು ಊಹೆ ಇಟ್ಟುಕೊಂಡು ಬಂತು, ಪರೀಕ್ಷಿಸಿತು, ಸುಳ್ಳೆಂದು ಕಂಡಾಗ ಬಿಟ್ಟುಕೊಟ್ಟಿತು. ಇದನ್ನು ಯಾರೂ ಅವಮಾನ ಎಂದುಕೊಳ್ಳಲಿಲ್ಲ. ನಂತರ ಸಾಗರದಲ್ಲೇ ಕ್ಷೇತ್ರ ಠಾಣೆ ಮಾಡಿ, ಕಾಡಿನ ದರಕಿನ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿಕೊಂಡ ಉಣುಗುಗಳನ್ನು ಒಂದೊಂದಾಗಿ ಹೆಕ್ಕಿ, ಜಾತಿ ಬಿಡಿಸಿ, ಯಾವ ಜಾತಿಯಲ್ಲಿ ವೈರಸ್ ಇದೆ ಎಂದು ವರ್ಷಗಟ್ಟಲೆ ನೋಡಿದರು. ಹಾಗೆ ಸಿಕ್ಕಿಬಿದ್ದ ಮುಖ್ಯ ಆರೋಪಿ ಹೀಮಾಫೈಸಾಲಿಸ್ ಸ್ಪಿನಿಜೆರ. ಅದರ ಮರಿಹಂತದ ಉಣುಗು ಕಣ್ಣಿಗೆ ಬೀಳದಷ್ಟು ಸಣ್ಣದು. ಹೆಚ್ಚಾಗುವುದು ಮಳೆಗಾಲ ಮುಗಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ ಅತಿ ಹೆಚ್ಚು. ನಾವು ಸೌದೆ ಕೂಡಿಸುವುದೂ ತೋಟಕ್ಕೆ ದರಕು ಹೊರುವುದೂ ಅದೇ ತಿಂಗಳುಗಳಲ್ಲಿ. ಮಂಗ ಕಚ್ಚಿ ಕಾಯಿಲೆ ಬರುವುದಿಲ್ಲ. ಮಂಗ ಕೂಡ ನಮ್ಮ ಹಾಗೆ ಉಣುಗಿಗೆ ಸಿಕ್ಕಿ ಸಾಯುತ್ತದೆ. ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗು ಅಲ್ಲೇ ಇಳಿಯುತ್ತದೆ. ಆ ಜಾಗಕ್ಕೆ ಯಾರು ಹೋಗುತ್ತಾರೋ ಅವರ ಸರದಿ ಮುಂದಿನದು.

ಮಂಗ ಸತ್ತ ಮೇಲೆ ಜನರಿಗೆ ಜ್ವರ ಬರುತ್ತದೆ ಎಂಬ ಸಂಬಂಧವನ್ನು ಮೊದಲು ಗಮನಿಸಿದವರು ಕಾಡಂಚಿನ ಜನ. ಪುಣೆಯವರು ಆ ಮಾತನ್ನು ನಂಬಿ ಬಂದರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಜನರ ಗಮನಿಕೆ ದಾರಿ ತೋರಿಸಿತು, ಪ್ರಯೋಗಾಲಯ ನಡುವಿನ ಕೊಂಡಿಯನ್ನು ಹುಡುಕಿತು. ಎರಡರಲ್ಲಿ ಒಂದನ್ನೇ ದೊಡ್ಡದು ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಒಬ್ಬರು ‘ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಅನ್ನುತ್ತಾರೆ, ಇನ್ನೊಬ್ಬರು ‘ಹಳ್ಳಿಯವರಿಗೇನು ಗೊತ್ತು’ ಅನ್ನುತ್ತಾರೆ. ಇಬ್ಬರೂ ತನಿಖೆಯನ್ನು ಅರ್ಧದಲ್ಲೇ ಮುಗಿಸುವವರು.

ಆಮೇಲೆ ಕಥೆ ಸ್ವಲ್ಪ ಸಿಕ್ಕಾಗುತ್ತದೆ. ರಷ್ಯಾದ ಬಳಗದ ವೈರಸ್ ಮಲೆನಾಡಿಗೆ ಹೇಗೆ ಬಂತು? ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೆ? ಆ ಕಾಲದ ವಿಜ್ಞಾನಿಗಳಿಗೆ ಇದು ಗಂಭೀರವಾದ ಪ್ರಶ್ನೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಾಲಿಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆ ಅಧ್ಯಯನ ಮಾಡುವ ಕೆಲಸಕ್ಕೆ ಇದರಿಂದಲೂ ಒತ್ತಾಸೆ ಸಿಕ್ಕಿತು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿತ್ತು. ಮುಂದೆ ಅಮೆರಿಕದ ಸೈನ್ಯದ ಹಣದಿಂದ ನಡೆಯುತ್ತಿದ್ದ, ಬ್ಯಾಂಕಾಕಿನಲ್ಲಿ ಕಚೇರಿಯಿದ್ದ ವಲಸೆ ಪ್ರಾಣಿರೋಗ ಸಮೀಕ್ಷೆಯ ಹಣವೂ ಬಂತು. ಈ ಸಂಗತಿ 1974ರಲ್ಲಿ ಪತ್ರಿಕೆಗಳಿಗೆ ಸಿಕ್ಕಿತು. ದೆಹಲಿಯ ಸುತ್ತ ನಡೆಯುತ್ತಿದ್ದ ಸೊಳ್ಳೆ ತಳಿ ನಿಯಂತ್ರಣದ ಪ್ರಯೋಗವೂ ಅದೇ ಸುದ್ದಿಯಲ್ಲಿತ್ತು. ವಿದೇಶಿ ಸೈನ್ಯಕ್ಕೆ ನಮ್ಮ ಹಕ್ಕಿ, ನಮ್ಮ ಸೊಳ್ಳೆಯ ಮೇಲೆ ಏನು ಪ್ರೀತಿ ಎಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಿಸಿ 1975ರಲ್ಲಿ ವರದಿ ಕೊಟ್ಟಿತು. ಸೊಳ್ಳೆಯ ಪ್ರಯೋಗ ಆ ವರ್ಷವೇ ನಿಂತುಹೋಯಿತು.

ಅಂದಿನಿಂದ ಒಂದು ಮಾತು ಮಲೆನಾಡಿನಲ್ಲಿ ಸುತ್ತುತ್ತಲೇ ಇದೆ: ಮಂಗನ ಕಾಯಿಲೆ ಅಮೆರಿಕದವರು ತಂದುಬಿಟ್ಟದ್ದು. ಮೊದಲು ಬಾಯಿಂದ ಬಾಯಿಗೆ ಹೋಗುತ್ತಿತ್ತು, ಈಗ ಕೈಫೋನಿನಲ್ಲಿ ಓಡುತ್ತದೆ. ಇದನ್ನು ನಗಾಡಿ ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. ಏಕೆಂದರೆ ಇದರೊಳಗೆ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಂಶೋಧನೆಗೆ ಹಣ ಕೊಟ್ಟವರು ಯಾರು, ಮಾಹಿತಿ ಯಾರ ಕೈಗೆ ಹೋಯಿತು ಎಂಬುದು ಒಂದು. ಇದು ಕೇಳಲೇಬೇಕಾದ ಪ್ರಶ್ನೆ, ಸಂಸತ್ತು ಕೇಳಿತು. ಕಾಯಿಲೆಯನ್ನು ಅವರೇ ತಂದರೋ ಎಂಬುದು ಇನ್ನೊಂದು. ಇದಕ್ಕೆ ಉತ್ತರ ಹಣದ ಲೆಕ್ಕದಲ್ಲಿ ಸಿಗುವುದಿಲ್ಲ, ರಕ್ತದ ಲೆಕ್ಕದಲ್ಲಿ ಸಿಗುತ್ತದೆ. ಕ್ಯಾಸನೂರಿನ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ದೇಶದ ಬೇರೆಬೇರೆ ಕಡೆಯ ಜನರ ರಕ್ತ ಪರೀಕ್ಷಿಸಿದ ಒಂದು ಅಧ್ಯಯನ 1954ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಸೌರಾಷ್ಟ್ರದ ಕಡೆಯ ಕೆಲವರ ರಕ್ತ ರಷ್ಯಾದ ಆ ಬಳಗದ ವೈರಸ್ಸನ್ನು ತಡೆಯುವ ಗುಣ ತೋರಿಸಿತ್ತು. ಅಂದರೆ ಆ ಬಳಗದ್ದು ಯಾವುದೋ ಒಂದು ಆಗಲೇ ಈ ದೇಶದಲ್ಲಿ ಓಡಾಡಿಕೊಂಡಿತ್ತು. ಹಕ್ಕಿಗಳ ಊಹೆಯೂ ನಿಲ್ಲಲಿಲ್ಲ. ನಮ್ಮ ವೈರಸ್ ರಷ್ಯಾದ್ದಕ್ಕಿಂತ ಬೇರೆಯೇ ಆದ ಕವಲು, ಅದರ ಅತಿ ಹತ್ತಿರದ ನೆಂಟ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕಿತು. ಮೊದಲನೇ ಪ್ರಶ್ನೆಯಲ್ಲಿ ಗೆದ್ದವರು ಎರಡನೆಯದನ್ನೂ ಗೆದ್ದೆವು ಅಂದುಕೊಂಡದ್ದರಿಂದ ಈ ವದಂತಿ ಇಷ್ಟು ವರ್ಷ ಬಾಳಿತು.

ನಿಜವಾಗಿ ನಾವು ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದವರು ಹೊರಗಿನಿಂದ ಬಂದ ಒಬ್ಬರು ಎಂಬುದು ನನಗೆ ಆಶ್ಚರ್ಯದ ಸಂಗತಿ. ಹೆಸರು ಹೋರ್ಹೆ ಬೊಷೆಲ್, ದೇಶ ಕೊಲಂಬಿಯ. ಹಳದಿ ಜ್ವರದ ಮೇಲೆ ಕೆಲಸ ಮಾಡುತ್ತಿದ್ದಾಗ ಅವರು ತಮ್ಮ ದೇಶದ ಕಾಡಿನಲ್ಲಿ ಮರ ಕಡಿಯುವವರ ಪಕ್ಕ ನಿಂತಿದ್ದರು. ಮರ ಉರುಳಿದ ಕೂಡಲೇ, ಅಲ್ಲಿಯವರೆಗೆ ಎತ್ತರದ ಕೊಂಬೆಗಳಲ್ಲಿ ಇರುತ್ತಿದ್ದ ನೀಲಿ ಸೊಳ್ಳೆಗಳು ಹಿಂಡಾಗಿ ಕೆಳಗಿಳಿದು ಕಚ್ಚಿದವು. ಮಂಗಗಳ ಕಾಯಿಲೆ ಮನುಷ್ಯನಿಗೆ ಇಳಿಯುವ ದಾರಿ ಅವರಿಗೆ ಹಾಗೆ ಕಂಡಿತು. ಅದೇ ಮನುಷ್ಯ ಆಮೇಲೆ ನಮ್ಮ ಕಡೆಗೆ ಬಂದರು. ಪಿ.ಕೆ. ರಾಜಗೋಪಾಲನ್ ಅಂಥ ನಮ್ಮ ದೇಶದ ವಿಜ್ಞಾನಿಗಳ ಜೊತೆ ಕಾಡು ಸುತ್ತಿದರು. 1969ರಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ವೈರಸ್ ಹಳೆಯದೇ ಇರಬಹುದು, ಹೊಸದಾಗಿರುವುದು ಜನ ಕಾಡನ್ನು ಬಳಸುವ ರೀತಿ. ಕಾಡು ಕಡಿದು ಗದ್ದೆ ಮಾಡಿದ್ದೀರಿ, ಗದ್ದೆಯಂಚಿಗೆ ಲಂಟಾನ ಪೊದೆ ಬೆಳೆದಿದೆ, ಆ ಪೊದೆಯಲ್ಲಿ ದನ ಮೇಯುತ್ತದೆ. ದೊಡ್ಡ ಉಣುಗಿಗೆ ದನದ ರಕ್ತ ಸಿಕ್ಕಿದರೆ ಮೊಟ್ಟೆ ಸಾವಿರಗಟ್ಟಲೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂಖ್ಯೆ ಅದರಿಂದಲೇ ಏರುತ್ತದೆ.

ಈ ಮಾತು ಆಗ ಯಾರಿಗೂ ರುಚಿಸಿರಲಿಕ್ಕಿಲ್ಲ. ವಿದೇಶಿ ಸಂಚು ಎಂದರೆ ನಾವು ಬರೀ ಬಲಿಪಶುಗಳು. ಕಾಡಂಚಿನ ಬೇಸಾಯ ಎಂದರೆ ನಮ್ಮ ಬದುಕೂ ಅದರೊಳಗೆ ಬರುತ್ತದೆ. 1983ರ ಸುಮಾರಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಕಾಯಿಲೆ ಭೀಕರವಾಗಿ ಎದ್ದಾಗ, ಗೇರುತೋಟಕ್ಕಾಗಿ ಕಾಡು ಕಡಿದ ಜಾಗದ ಸುತ್ತಲೇ ಎದ್ದಿತ್ತು ಎಂಬುದನ್ನು ಸಂಶೋಧಕರು ದಾಖಲಿಸಿದರು. 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳೂ ಬೆಂಗಳೂರಿನ ಏಟ್ರಿ ಮೊದಲಾದ ನಮ್ಮ ಸಂಸ್ಥೆಗಳೂ ಸೇರಿ ಶಿವಮೊಗ್ಗ ಜಿಲ್ಲೆಯ ನಕ್ಷೆ ಮಾಡಿದಾಗ ಕಂಡದ್ದೂ ಬಹುಮಟ್ಟಿಗೆ ಅದೇ. ಕಾಡೂ ತೋಟವೂ ಹೆಣೆದುಕೊಂಡಿರುವ, ದನಗಳು ಹೆಚ್ಚಿರುವ ಜಾಗದಲ್ಲಿ ಅಪಾಯ ಹೆಚ್ಚು. ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ವಿಧಾನದಿಂದ ಹುಡುಕಿದವರು ಒಂದೇ ಜಾಗಕ್ಕೆ ಬಂದು ತಲುಪಿದರೆ ಆ ಮಾತಿಗೆ ಹೆಚ್ಚು ಬೆಲೆ ಕೊಡಬಹುದು ಎಂಬುದು ನಾನು ಇಟ್ಟುಕೊಂಡಿರುವ ಒರೆಗಲ್ಲು. ಒಂದೇ ಸಂದೇಶ ನೂರು ಗ್ರೂಪಿನಿಂದ ಬಂದರೆ ಅದು ನೂರು ಸಾಕ್ಷಿಯಲ್ಲ, ಒಂದೇ ಸಾಕ್ಷಿ.

ಈಗ ಲಸಿಕೆಯ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ತಾಳ್ಮೆ ಇರಲಿ.

ನಮ್ಮ ಊರುಗಳಲ್ಲಿ ಕೊಡುತ್ತಿದ್ದದ್ದು ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ನಿನಿಂದ ಸಾಯಿಸಿ ಮಾಡಿದ ಲಸಿಕೆ. ಅದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 1990ರಿಂದ 92ರವರೆಗಿನ ಕ್ಷೇತ್ರ ಪ್ರಯೋಗದಲ್ಲಿ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಎಂದು ಬಂತು. 2005ರಿಂದ 2010ರವರೆಗಿನ ಅಂಕಿಗಳನ್ನು ಕೂಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಶೇ. 62.4 ಎಂದರೆ ಸೂಜಿ ಹಾಕಿಸಿಕೊಂಡ ನೂರರಲ್ಲಿ 62 ಜನ ಪಾರು, 38 ಜನರಿಗೆ ಕಾಯಿಲೆ ಎಂದು ಅನೇಕರು ತಿಳಿಯುತ್ತಾರೆ. ಅದು ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದ ಸಾವಿರ ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಬಂದಿತ್ತು ಎಂದಿಟ್ಟುಕೊಳ್ಳಿ. ಹಾಕಿಸಿಕೊಂಡ ಸಾವಿರದಲ್ಲಿ ಸುಮಾರು ನಾಲ್ಕು ಮಂದಿಗೆ ಬರುತ್ತದೆ. ಪ್ರಯೋಜನ ಇದೆ, ಭರವಸೆ ಕೊಡುವಷ್ಟಿಲ್ಲ. ಜೊತೆಗೆ ಸೂಜಿಯ ನೋವು ಸಾಮಾನ್ಯದ್ದಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷ.

2013ರ ಡಿಸೆಂಬರಿನಿಂದ 2014ರ ಏಪ್ರಿಲ್‌ವರೆಗೆ ತೀರ್ಥಹಳ್ಳಿ ಕಡೆ ಕಾಯಿಲೆ ಎದ್ದಿತು. ಅದನ್ನು ತನಿಖೆ ಮಾಡಿದವರಲ್ಲಿ ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆಯ ವೈದ್ಯರೂ ಇದ್ದರು. ಅವರ ವರದಿ 2015ರಲ್ಲಿ ಅಮೆರಿಕದ ಹೆಸರಾಂತ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಲಸಿಕೆ ಹಾಕಿಸಿಕೊಂಡವರು ಕಡಿಮೆ. ಹಾಕಿಸಿಕೊಂಡವರಲ್ಲೂ ಅದರ ಫಲ ಕಡಿಮೆ. ಲಸಿಕೆಗೆಂದು ಆರಿಸಿದ ಊರುಗಳ ಆಚೆಗೂ, ಆರಿಸಿದ ವಯಸ್ಸಿನ ಆಚೆಗೂ ಕಾಯಿಲೆ ದಾಟಿದೆ. ಆದ್ದರಿಂದ ಲಸಿಕೆಯ ಕ್ರಮವನ್ನು ಮರುಪರಿಶೀಲಿಸಬೇಕು. ಹೀಗೆ ಬರೆದವರಲ್ಲಿ ಸರ್ಕಾರದ ನೌಕರರೂ ಇದ್ದರು ಎಂಬುದನ್ನು ಗಮನಿಸಿ. ಸ್ವತಂತ್ರ ವಿಚಾರ ಎಂದರೆ ಸರ್ಕಾರದ ಹೊರಗಿದ್ದು ಕೂಗುವುದು ಎಂದು ತಿಳಿದವರಿಗೆ ಈ ವರದಿಯನ್ನು ಓದಲು ಹೇಳುತ್ತೇನೆ. ತಮ್ಮದೇ ಇಲಾಖೆ ಹಂಚುತ್ತಿದ್ದ ಸೂಜಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅಂಕಿ ಸಮೇತ ಬರೆಯಲು ಒಂದು ಬಗೆಯ ಧೈರ್ಯ ಬೇಕು. ಅದು ಭಾಷಣದಲ್ಲಿ ಕಾಣಿಸುವ ಧೈರ್ಯವಲ್ಲ. ಆ ಲಸಿಕೆ ಕೊನೆಗೆ ನಿಂತದ್ದು 2022ರಲ್ಲಿ. ವರದಿಗೂ ತೀರ್ಮಾನಕ್ಕೂ ನಡುವೆ ಏಳು ವರ್ಷ. ಆ ಏಳು ವರ್ಷ ನಾವು ಯಾರೂ ಗ್ರಾಮಸಭೆಯಲ್ಲಿ ಈ ವರದಿಯ ಹೆಸರು ಎತ್ತಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಆ ಏಳು ವರ್ಷಗಳ ನಡುವೆ ಅರಳಗೋಡು ಆಯಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದದ್ದು ಆ ಬೇಸಿಗೆಯುದ್ದಕ್ಕೂ ಊರುಗಳನ್ನು ಅಲ್ಲಾಡಿಸಿತು. ರೋಗಿಗಳನ್ನು ಮಣಿಪಾಲಕ್ಕೆ ಸಾಗಿಸಬೇಕಾಯಿತು. ಸತ್ತವರ ಲೆಕ್ಕ ಊರವರದ್ದೊಂದು, ಸರ್ಕಾರದ್ದೊಂದು ಆಯಿತು. ಮನಸ್ಸು ನೊಂದ ಜನ ಸರ್ಕಾರ ಮುಚ್ಚಿಡುತ್ತಿದೆ ಅಂದರು. ಮುಚ್ಚಿಟ್ಟಿತೋ ಇಲ್ಲವೋ ನಾನು ಹೇಳಲಾರೆ, ಆದರೆ ಲೆಕ್ಕ ಬೇರೆಯಾಗಲು ಇನ್ನೊಂದು ಕಾರಣವೂ ಇರುತ್ತದೆ. ವೈರಸ್ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ ಜ್ವರದ ಮೊದಲ ಕೆಲವು ದಿನ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ದಿನ ಕಳೆದ ಮೇಲೆ ರಕ್ತ ತೆಗೆದರೆ ವೈರಸ್ ಸಿಗುವುದಿಲ್ಲ. ಆಗ ಐಜಿಎಂ ಎಂಬ ಪ್ರತಿಕಾಯ ಹುಡುಕಬೇಕು. ಕಾಡಿನೊಳಗಿನ ಮನೆ, ಮನೆಮದ್ದು, ಖಾಸಗಿ ದವಾಖಾನೆ ಎಲ್ಲಾ ದಾಟಿ ತಡವಾಗಿ ಬಂದವರ ಚೀಟಿಯ ಮೇಲೆ ‘ನೆಗೆಟಿವ್’ ಎಂದಿದ್ದರೆ ಅದರ ಅರ್ಥ ‘ಕಾಯಿಲೆ ಇರಲಿಲ್ಲ’ ಎಂದೇ ಆಗಬೇಕಿಲ್ಲ. ರಕ್ತ ತೆಗೆದದ್ದು ಜ್ವರದ ಎಷ್ಟನೇ ದಿನ, ಮಾಡಿದ ಪರೀಕ್ಷೆ ಯಾವುದು ಎಂಬ ಎರಡು ಪ್ರಶ್ನೆ ಸಾಕಿತ್ತು. ಇವನ್ನು ಕೇಳಲು ಎಂ.ಬಿ.ಬಿ.ಎಸ್. ಬೇಡ.

ಲಸಿಕೆಯ ತಂಡಗಳು ಆಮೇಲೆ ಊರೂರು ಹೋದವು. ಎರಡು ಡೋಸಿಗೆ ಒಂದು ತಿಂಗಳ ಅಂತರ ಬೇಕಾದ ಲಸಿಕೆಯನ್ನು ಕಾಯಿಲೆ ಎದ್ದ ಮೇಲೆ ಕೊಟ್ಟರೆ ಅದು ಆ ವರ್ಷಕ್ಕೆ ಎಷ್ಟು ಆದೀತು ಎಂಬುದು ಕ್ಯಾಲೆಂಡರ್ ನೋಡಿದರೆ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದರಿಂದ, ಜನರ ಅನುಮಾನ ಯಾವಾಗಲೂ ಸರಿಯಾದ ದಾರಿಯಲ್ಲೇ ಇರುತ್ತದೆ ಎಂಬ ಭಾವನೆ ಬಂದರೆ ಅದೂ ತಪ್ಪು. ಅದಕ್ಕೆ ಸಾಗರದಿಂದ ಸ್ವಲ್ಪವೇ ದೂರದ ಹಂದಿಗೋಡಿಗೆ ಹೋಗಬೇಕು. 1975ರ ಸುಮಾರಿಗೆ ಅಲ್ಲಿ ಸೊಂಟ, ಮಂಡಿ, ಬೆನ್ನಿನ ನೋವಿನಿಂದ ನಡೆಯಲಾಗದೆ ಬಾಗಿಹೋದವರ ಸುದ್ದಿ ಹೊರಬಂತು. ಹೆಚ್ಚಿನವರು ದಲಿತ ಕೃಷಿಕೂಲಿ ಕುಟುಂಬದವರು. ಆಗ ತಾನೇ ಹೊಸ ಭತ್ತದ ತಳಿ, ಎಂಡ್ರಿನ್, ಪ್ಯಾರಾಥಿಯಾನ್ ತರಹದ ವಿಷಗಳು ಗದ್ದೆಗೆ ಬಂದಿದ್ದವು. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು. ವಿಷ ಏಡಿಗೆ, ಏಡಿಯಿಂದ ಮನುಷ್ಯನಿಗೆ ಎಂಬ ವಿವರಣೆ ಎಷ್ಟು ಸಲೀಸಾಗಿ ಕೂತುಕೊಳ್ಳುತ್ತದೆ ನೋಡಿ. ಹಸಿರು ಕ್ರಾಂತಿಯ ಮೇಲೆ ಸಿಟ್ಟಿದ್ದ ನಮ್ಮಂಥವರಿಗಂತೂ ಅದು ಬೇಕಾಗಿಯೇ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ, ಕುಟುಂಬಗಳಲ್ಲಿ ಸಾಗಿ ಬರುವ ಮಲೆನಾಡಿನ ಕೀಲುರೋಗ ಎಂದು ಕರೆದರು. ಮುಂದೆ 1990ರ ದಶಕದಲ್ಲಿ ಮೂಳೆಯ ಕ್ಷಕಿರಣ ಚಿತ್ರ, ಮನೆತನದ ವಂಶವೃಕ್ಷ ಎರಡನ್ನೂ ಇಟ್ಟುಕೊಂಡು ನಡೆದ ಅಧ್ಯಯನಗಳು ಇದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿಯುವ ಮೂಳೆ ಬೆಳವಣಿಗೆಯ ತೊಂದರೆ ಎಂಬ ತೀರ್ಮಾನಕ್ಕೆ ಬಂದವು. ವಿಷವೇ ಕಾರಣವಾಗಿದ್ದರೆ ಅದೇ ಗದ್ದೆಯ ಏಡಿ ತಿಂದ ಪಕ್ಕದ ಮನೆಯವರಿಗೆ ಯಾಕೆ ಬರಲಿಲ್ಲ, ಒಂದೇ ಮನೆತನದಲ್ಲಿ ತಲೆಮಾರು ತಲೆಮಾರು ಯಾಕೆ ಬಂತು ಎಂಬ ಪ್ರಶ್ನೆಗೆ ಏಡಿಯ ವಿವರಣೆಯಲ್ಲಿ ಜಾಗವಿಲ್ಲ. ನಮಗೆ ಇಷ್ಟವಾದ ವಿವರಣೆಗೇ ಗಟ್ಟಿಯಾದ ಪ್ರಶ್ನೆ ಹಾಕಬೇಕಾಗುತ್ತದೆ. ಇಷ್ಟವಿಲ್ಲದ್ದಕ್ಕೆ ಹೇಗಿದ್ದರೂ ಹಾಕುತ್ತೇವೆ.

ಹಾಗೆಂದು ಏಡಿಯ ಮಾತು ಸೋತಿತು, ವಿಜ್ಞಾನ ಗೆದ್ದಿತು ಎಂದು ಹಂದಿಗೋಡಿನ ಕಥೆಯನ್ನು ಮುಗಿಸಲು ನನಗೆ ಆಗುವುದಿಲ್ಲ. ಕಾರಣ ಗೊತ್ತಾದದ್ದರಿಂದ ಬಾಗಿದ ಸೊಂಟ ನೆಟ್ಟಗಾಗಲಿಲ್ಲ. ಹಂದಿಗೋಡಿನವರು ರಕ್ತ ಕೊಟ್ಟರು, ಕ್ಷಕಿರಣದ ಮುಂದೆ ನಿಂತರು, ವಂಶದ ವಿವರ ಹೇಳಿದರು. ಅದರಿಂದ ಲೇಖನಗಳು ಬಂದವು. ಅವರಿಗೆ ಬೇಕಿದ್ದದ್ದು ಪಿಂಚಣಿ, ಶಸ್ತ್ರಚಿಕಿತ್ಸೆಯ ಖರ್ಚು, ಕೂತು ಮಾಡುವ ಕೆಲಸ. ಕಾರಣವನ್ನು ತಿಳಿಯುವ ಹೊಣೆ ವಿಜ್ಞಾನಿಯದು, ತಿಳಿದ ಮೇಲೆ ಮಾಡಬೇಕಾದ್ದರ ಹೊಣೆ ಸಮಾಜದ್ದು. ಎರಡನೆಯದನ್ನು ಮಾಡದವರು ಮೊದಲನೆಯದನ್ನು ನಂಬಿ ಎಂದು ಬಡವರಿಗೆ ಬೋಧನೆ ಮಾಡಲು ಯಾವ ಮುಖದಿಂದ ಹೋಗಬೇಕು?

ಇನ್ನು ನಮ್ಮ ತೋಟಗಳಿಗೆ ಬರೋಣ. ಫೋನಿನ ಗ್ರೂಪುಗಳ ಚಟುವಟಿಕೆ ಎಲ್ಲಕ್ಕಿಂತ ಹೆಚ್ಚಿರುವುದು ಅಲ್ಲಿ. ಟವರ್ ಸಿಗದ ಮನೆಯವರು ಗುಡ್ಡ ಹತ್ತಿ ನೋಡುವುದೂ ಅಡಿಕೆ ದರ ಮತ್ತು ಎಲೆಚುಕ್ಕಿ ರೋಗದ ಸುದ್ದಿಯನ್ನೇ. ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳನ್ನು ಎಲೆಚುಕ್ಕಿ ಹಣ್ಣುಮಾಡಿದ ಮೇಲೆ ದಿನಕ್ಕೊಂದು ಔಷಧಿಯ ಸಂದೇಶ ಬರುತ್ತದೆ. ಪ್ರೊಪಿಕೊನಜೋಲ್ ಲೀಟರಿಗೆ ಒಂದು ಎಂ.ಎಲ್. ಎಂದು ಸಂಶೋಧನಾ ಸಂಸ್ಥೆ ಹೇಳಿದರೆ, ಗ್ರೂಪಿನಲ್ಲಿ ಅದು ಎರಡಾಗುತ್ತದೆ, ಜೊತೆಗೆ ಇನ್ನೆರಡು ಸೇರುತ್ತವೆ, ಕೊನೆಗೆ ಮಜ್ಜಿಗೆಯೂ ಬರುತ್ತದೆ. ಪ್ರತಿಯೊಂದಕ್ಕೂ ‘ನಾನು ಹೊಡೆದೆ, ಕಮ್ಮಿಯಾಯಿತು’ ಎಂಬ ಸಾಕ್ಷಿ ಇದೆ. ಆ ಸಾಕ್ಷಿ ಸುಳ್ಳಲ್ಲ, ಅರ್ಧ. ಬಿಸಿಲು ಬಂದರೆ ಎಲೆಚುಕ್ಕಿಯ ಶಿಲೀಂಧ್ರದ ಓಟ ತಾನಾಗಿಯೇ ನಿಧಾನವಾಗುತ್ತದೆ. ಕಮ್ಮಿಯಾದದ್ದು ಔಷಧಿಯಿಂದಲೋ ಬಿಸಿಲಿನಿಂದಲೋ?

ಇದಕ್ಕೆ ಒಂದು ಹಳೆಯ ಪರಿಹಾರ ಇದೆ, ಖರ್ಚಿಲ್ಲದ್ದು. ಒಂದು ಸಾಲು ಮರಕ್ಕೆ ಹೊಡೆಯದೆ ಬಿಡುವುದು. ಬಿಟ್ಟ ಸಾಲು, ಹೊಡೆದ ಸಾಲು ಎರಡರ ಫೋಟೊ ಒಂದೇ ದಿನ ತೆಗೆದು ಗ್ರೂಪಿಗೆ ಹಾಕುವುದು. ಯಾರೂ ಮಾಡುವುದಿಲ್ಲ, ಏಕೆಂದರೆ ಬಿಟ್ಟ ಸಾಲು ಹಾಳಾದರೆ ಎಂಬ ಹೆದರಿಕೆ. ನ್ಯಾಯವಾದ ಹೆದರಿಕೆಯೇ. ಆದರೆ ಇಪ್ಪತ್ತು ತೋಟದವರು ತಲಾ ಐದೇ ಮರ ಬಿಟ್ಟರೆ ನೂರು ಮರದ ಪ್ರಯೋಗ ಆಯಿತು, ಯಾರ ಮನೆಯೂ ಮುಳುಗುವುದಿಲ್ಲ. ಒಬ್ಬೊಬ್ಬರಿಗೆ ಆಗದ ವಿಚಾರ ಕೂಟಕ್ಕೆ ಆಗುತ್ತದೆ ಎಂಬುದಕ್ಕೆ ಫೋನಿನ ಗ್ರೂಪಿಗಿಂತ ಒಳ್ಳೆಯ ಸಲಕರಣೆ ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಅದನ್ನು ನಾವು ಶುಭೋದಯಕ್ಕೆ ಬಳಸುತ್ತಿದ್ದೇವೆ.

ಅಡಿಕೆಯ ಕೊಳೆರೋಗದ ಕಥೆಯನ್ನು ಇದಕ್ಕೆ ಹೋಲಿಸಿ ನೋಡಿ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎರಡು ವರ್ಷದಲ್ಲಿ ಕೊಳೆಯ ಕಾರಣವನ್ನು ಹುಡುಕಿ 1910ರಲ್ಲಿ ಪುಸ್ತಿಕೆ ಬರೆದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ನಮ್ಮವರ ಕ್ರಮವನ್ನೂ ಅವರು ನೋಡಿದ್ದರು. ಬೋರ್ಡೊ ದ್ರಾವಣವನ್ನು ಅವರು ತೋಟಕ್ಕೆ ಇಳಿಸಿದರು. ಇವತ್ತಿಗೂ ನಾವು ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎನ್ನುತ್ತೇವೆ. ಆ ಜ್ಞಾನ ನೂರು ವರ್ಷ ಉಳಿದದ್ದು ಕೋಲ್ಮನ್ ಹೇಳಿದರು ಎಂಬ ಕಾರಣಕ್ಕೆ ಅಲ್ಲ. ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಔಷಧಿ ಹೊಡೆಯುವ ಕೊನೆಗಾರನೂ ಈ ಪರೀಕ್ಷೆ ಮಾಡಬಲ್ಲ, ಯಜಮಾನನ ಮಾತು ತಪ್ಪೆಂದು ಅಲಗು ತೋರಿಸಿ ಹೇಳಬಲ್ಲ. ತಾನು ಸರಿಯೇ ಎಂದು ನೋಡುವ ಉಪಾಯವನ್ನೂ ಜೊತೆಗೇ ಕೊಡುವ ಜ್ಞಾನ ಅದು. ಫಾರ್ವರ್ಡ್ ಆಗಿ ಬರುವ ಸಂದೇಶದಲ್ಲಿ ಇಲ್ಲದಿರುವುದು ಆ ಅಲಗು.

ಮಂಗ ಸತ್ತ ಸುದ್ದಿಗೂ ಇದೇ ಮಾತು. ಸತ್ತ ಮಂಗದ ಫೋಟೊ ಯಾವ ಊರಿನದು, ಯಾವ ದಿನದ್ದು ಎಂದು ತಿಳಿಯದೆ ತಾಲ್ಲೂಕೆಲ್ಲಾ ಸುತ್ತುತ್ತದೆ. ಎಲ್ಲಾ ಮಂಗವೂ ಈ ಕಾಯಿಲೆಯಿಂದಲೇ ಸಾಯುವುದಿಲ್ಲ. ಕರೆಂಟು ಹೊಡೆದು, ನಾಯಿ ಕಚ್ಚಿ, ವಿಷ ತಿಂದೂ ಸಾಯುತ್ತವೆ. ಕೊಳೆತ ಮೇಲೆ ಸಿಕ್ಕಿದರೆ ಪರೀಕ್ಷೆಗೂ ಬಾರದು. ಜಾಗ, ದಿನ, ನೋಡಿದವರ ಹೆಸರು, ಆರೋಗ್ಯ ಕೇಂದ್ರಕ್ಕೆ ತಿಳಿಸಿದ್ದು ಯಾವಾಗ, ಪರೀಕ್ಷೆಯ ಫಲ ಏನು ಎಂಬ ಐದು ಸಂಗತಿ ಇಲ್ಲದ ಫೋಟೊವನ್ನು ನಮ್ಮ ಗ್ರೂಪಿನಲ್ಲಿ ಬಿಡುವುದಿಲ್ಲ ಎಂದು ಒಂದು ಪಂಚಾಯಿತಿಯವರು ನಿಯಮ ಮಾಡಿಕೊಂಡರೂ ಸಾಕು, ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಇಲಾಖೆಯವರೇ ಬಂದು ಕೇಳುವಂಥ ದಾಖಲೆ ಆಗುತ್ತದೆ.

ಈಗ ಹೊಸ ಲಸಿಕೆಯೊಂದು ತಯಾರಾಗುತ್ತಿದೆ. ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿಯೂ ಅದರ ಮೇಲೆ ಕೆಲಸ ಮಾಡುತ್ತಿವೆ. ಇಂಥ ಲಸಿಕೆ ಮೊದಲು ಕಾಯಿಲೆಯಿಲ್ಲದ ಊರಿನ ಕೆಲವೇ ಆರೋಗ್ಯವಂತರಲ್ಲಿ ಪರೀಕ್ಷೆಯಾಗುತ್ತದೆ; ಕೆಲಸ ಮಾಡುತ್ತದೆಯೇ ಎಂದು ನೋಡಲು ಮಾತ್ರ ಕಾಯಿಲೆ ಇರುವ ಕಡೆಗೇ ಬರಬೇಕು, ಅಂದರೆ ನಮ್ಮ ಕಡೆಗೆ. ಆವತ್ತು ನಿಮ್ಮ ಕೈಗೆ ಕೆಲವು ಪುಟದ ಒಪ್ಪಿಗೆ ಪತ್ರ ಕೊಡುತ್ತಾರೆ. ಕನ್ನಡದಲ್ಲೇ ಕೇಳಿ, ಅದು ನಿಮ್ಮ ಹಕ್ಕು. ನಿಮಗೆ ಬಂದದ್ದು ನಿಜವಾದ ಲಸಿಕೆಯೋ ಹೋಲಿಸಲು ಕೊಡುವ ಬೇರೆ ಸೂಜಿಯೋ ಎಂದು ಕೊಟ್ಟವರಿಗೂ ಗೊತ್ತಿರದೆ ಇರಬಹುದು. ಅದು ಮೋಸವಲ್ಲ, ಬಿಟ್ಟ ಸಾಲಿನ ಲೆಕ್ಕವೇ. ಎಷ್ಟು ಡೋಸು, ಎಷ್ಟು ತಿಂಗಳ ಅಂತರ, ಜ್ವರ ಬಂದರೆ ಎಲ್ಲಿಗೆ ಹೋಗಬೇಕು, ಖರ್ಚು ಯಾರದ್ದು, ಫಲಿತಾಂಶವನ್ನು ಊರಿಗೆ ಬಂದು ಹೇಳುತ್ತೀರೋ ಇಲ್ಲವೋ ಎಂದು ಕೇಳಿ. ಈ ಸಭೆಯಲ್ಲಿ ಹೈಸ್ಕೂಲು ಮೇಷ್ಟರುಗಳೂ ಆಶಾ ಕಾರ್ಯಕರ್ತೆಯರೂ ಇದ್ದೀರಿ. ಆ ಪುಟಗಳನ್ನು ಮನೆಯಂಗಳದಲ್ಲಿ ಕೂತು ಓದಿಹೇಳುವವರು ಊರಿಗೆ ಒಬ್ಬರಾದರೂ ಬೇಕಾಗುತ್ತಾರೆ. ಅದಕ್ಕೆ ಬೇಕಾದ ತಯಾರಿಯನ್ನು ಲಸಿಕೆ ಬಂದ ಮೇಲೆ ಮಾಡುವುದಕ್ಕಿಂತ ಈ ಮಳೆಗಾಲದಲ್ಲೇ ಶುರುಮಾಡಬಹುದು. ತೀರ್ಥಹಳ್ಳಿಯ 2015ರ ವರದಿ ಚಿಕ್ಕದು, ದುಡ್ಡಿಲ್ಲದೆ ಓದಲು ಸಿಗುತ್ತದೆ, ಕನ್ನಡಕ್ಕೆ ತರಲು ಒಂದು ವಾರ ಸಾಕು.